ಆರ್‌ಟಿಐ ಅರ್ಜಿಗೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಏಕೆ ಬರುತ್ತದೆ?

ಹೆಚ್ಚಿನ ಸಲ ನೀವು ಕೇಳಿದ್ದು ಕಾರಣ, ದಾಖಲೆಯಲ್ಲ. ಅದಕ್ಕೇ ಹಾಗೆ ಬರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ಪ್ರಕಾರ ಮಾಹಿತಿ ಎಂದರೆ ಕಚೇರಿಯಲ್ಲಿ ಈಗಾಗಲೇ ಕಾಗದದಲ್ಲೋ ಕಂಪ್ಯೂಟರಿನಲ್ಲೋ ಇರುವಂಥದ್ದು. ನಿಮಗಾಗಿ ಹೊಸದಾಗಿ ವಿವರಣೆ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ.

'ನಮ್ಮ ರಸ್ತೆ ಆರೇ ತಿಂಗಳಿಗೆ ಕಿತ್ತುಹೋಗಿದ್ದೇಕೆ?' ಎಂದು ಬರೆದರೆ ಅರ್ಜಿ ಬಿದ್ದಂತೆಯೇ. ಇಂಥ ರಸ್ತೆ, ಇಂಥ ವರ್ಷ ಎಂದು ಹೆಸರಿಸಿ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಎಂ.ಬಿ.), ಬಿಲ್ಲಿನ ನಕಲು ಕೇಳಿ. ಎಷ್ಟು ದಪ್ಪ ಡಾಂಬರಿಗೆ ದುಡ್ಡು ಕೊಟ್ಟರು ಎಂಬುದು ಎಂ.ಬಿ.ಯಲ್ಲಿ ಸಿಗುತ್ತದೆ; ನಿಮ್ಮ 'ಏಕೆ'ಗೆ ಉತ್ತರ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಕಡತದ ಟಿಪ್ಪಣಿ ಹಾಳೆಯನ್ನೂ (ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆದಿಡುವ ಹಾಳೆ) ಕೇಳಬಹುದು, ಬಹಳ ಜನ ಅದನ್ನು ಮರೆಯುತ್ತಾರೆ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕಚೇರಿ ತಪ್ಪಿದ್ದರೆ 5 ದಿನದೊಳಗೆ ಅವರೇ ಸರಿಯಾದ ಕಡೆಗೆ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಸ್ವೀಕೃತಿಯ ಮೊಹರಿರುವ ಪ್ರತಿ ಇಟ್ಟುಕೊಂಡಿರಿ, ಅವಧಿ ಎಣಿಸುವುದು ಅದರ ಮೇಲಿನ ತಾರೀಕಿನಿಂದ.