ರಾಯಚೂರಿನಲ್ಲಿ ರಾತ್ರಿ ನಡೆಯುವ ಮಹಿಳೆಯರ ಮೆರವಣಿಗೆಗೆ ಒಬ್ಬಳೇ ಹೋಗಬಹುದೇ?

ನೀವು ಮೂರು ವಿಷಯ ಕೇಳಿದ್ದೀರಿ. ಹೆಣ್ಣುಮಕ್ಕಳ ಸುರಕ್ಷತೆಗಾಗಿ ರಾತ್ರಿ ನಡೆಯುವ ಮೆರವಣಿಗೆಗೆ ಪರಿಚಯದವರಿಲ್ಲದೆ ಹೋಗಬಹುದೇ? ಮನೆಯಲ್ಲಿ ಬೇಡವೆಂದರೆ ಗೆಳತಿಯ ಮನೆಗೆಂದು ಹೇಳಿ ಹೋಗಲೇ? ಹೋದರೆ ಏನಾದರೂ ಬದಲಾಗುತ್ತದೆಯೇ?

ಹೋಗಿ. ಸುಳ್ಳು ಹೇಳಿ ಮಾತ್ರ ಹೋಗಬೇಡಿ. ಮೂರನೆಯದಕ್ಕೆ ಒಂದು ಮಾತಿನಲ್ಲಿ ಉತ್ತರಿಸಲಾರೆ.

ನಾನು ಈ ಊರಿನವಳೇ. ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಎರಡನೆಯ ಪಾಳಿ ಮುಗಿಯುವುದು ರಾತ್ರಿ 10ಕ್ಕೆ. ಹನ್ನೊಂದು ವರ್ಷ ಒಂದೇ ದಾರಿಯಲ್ಲಿ ಮನೆಗೆ ನಡೆದಿದ್ದೇನೆ, ಆದರೆ ಆ ದಾರಿಯನ್ನು ನೋಡಿರಲಿಲ್ಲ. ತಲೆ ಬಗ್ಗಿಸಿ, ದುಪಟ್ಟಾ ಬಿಗಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಕಿವಿಯನ್ನು ಬೆನ್ನ ಹಿಂದೆ ಇಟ್ಟು ನಡೆಯುವವಳಿಗೆ ರಸ್ತೆ ಎಲ್ಲಿ ಕಾಣುತ್ತದೆ?

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಲ್ಲಲಾಯಿತು. ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ಸ್ವಲ್ಪ ಒರಗಲು ಹೋದವಳು ಅವಳು. ನಾನೂ ಎಷ್ಟೋ ರಾತ್ರಿ ಲ್ಯಾಬಿನ ಬೆಂಚಿನ ಮೇಲೆ ಹಾಗೆಯೇ ಒರಗಿದ್ದೇನೆ. ಆಗಸ್ಟ್ 14ರ ರಾತ್ರಿ ಬಂಗಾಳದ ಊರೂರುಗಳಲ್ಲಿ ಹೆಂಗಸರು ಬೀದಿಗಿಳಿದರು. ಅಲ್ಲಿನ ಸರ್ಕಾರ ಸಾಧ್ಯವಾದಲ್ಲೆಲ್ಲ ಹೆಂಗಸರಿಗೆ ರಾತ್ರಿ ಪಾಳಿ ತಪ್ಪಿಸಲು ಹೊರಟಿತು. ಹೆಂಗಸರು ರಾತ್ರಿ ದುಡಿಯಬಾರದೆಂದು ಹೇಳುವಂತಿಲ್ಲ, ಭದ್ರತೆ ಒದಗಿಸುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರಿನಲ್ಲಿ ಹೇಳಬೇಕಾಯಿತು. ಇದು ಹಳೆಯ ಜಗಳ. ಇಂಗ್ಲೆಂಡಿನ ಲೀಡ್ಸ್ ಸುತ್ತಮುತ್ತ ಹೆಂಗಸರ ಸರಣಿ ಕೊಲೆ ನಡೆಯುತ್ತಿದ್ದಾಗಲೂ ಕತ್ತಲಾದ ಮೇಲೆ ಹೊರಗೆ ಬರಬೇಡಿ ಎಂಬ ಬುದ್ಧಿವಾದ ಬಂದದ್ದು ಹೆಂಗಸರಿಗೇ. ಅದನ್ನು ಒಪ್ಪದ ಹೆಂಗಸರು 1977ರ ನವೆಂಬರಿನಲ್ಲಿ ರಾತ್ರಿಯ ಬೀದಿಗಳಲ್ಲಿ ನಡೆದರು.

ನಮ್ಮ ಊರಿನ ಬೇಸಿಗೆಯನ್ನು ನೆನೆದುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಊರು ಉಸಿರಾಡುವುದೇ ರಾತ್ರಿ. ಗಂಡಸರು ಪಾನ್ ಅಂಗಡಿಯ ಕಟ್ಟೆಯ ಮೇಲೆ, ಹೊರಗೆ ಹಾಕಿದ ಮಂಚದ ಮೇಲೆ ಗಾಳಿಗೆ ಕೂರುತ್ತಾರೆ. ನಾವು ಕಾದ ಗೋಡೆಗಳ ನಡುವೆ ಬಾಗಿಲು ಹಾಕಿಕೊಂಡು ಬೇಯುತ್ತೇವೆ. ‘ಕತ್ತಲಾಗುವ ಮುಂಚೆ ಮನೆ ಸೇರು’ ಎಂಬ ಮಾತಿಗೆ ರಾಯಚೂರಿನಲ್ಲಿ ಇರುವ ಅರ್ಥ ಇದು.

ಬಂಗಾಳದ ಸುದ್ದಿಯ ನಂತರ ಇಲ್ಲಿಯೂ ಕೆಲವು ನರ್ಸುಗಳು, ಶಿಕ್ಷಕಿಯರು, ಹಾಸ್ಟೆಲಿನ ಹುಡುಗಿಯರು ಸೇರಿ ಒಂದು ಚಿಕ್ಕ ಮೆರವಣಿಗೆ ಮಾಡಿದರು. ಅವ್ವ ಬೇಡವೆಂದಳು. ‘ಹಾಗಾದರೆ ನೀನೂ ಬಾ’ ಎಂದೆ. ನನ್ನನ್ನು ಕಾಯಲೆಂದೇ ಹೊರಟಳು. ಅಂಬೇಡ್ಕರ್ ವೃತ್ತದಿಂದ ತೀನ್ ಕಂದೀಲ್‌ವರೆಗೆ ನಡೆದೆವು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಹಾಗಾಗಿ ಇದ್ದದ್ದು ನಮ್ಮ ಕಂಠ ಮಾತ್ರ. ಮೊದಲ ಹತ್ತು ನಿಮಿಷ ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ನಿಮಗೂ ಹಾಗಾದರೆ ಸುಮ್ಮನೆ ನಡೆಯಿರಿ, ಯಾರೂ ಏನೂ ಅನ್ನುವುದಿಲ್ಲ.

ತೀನ್ ಕಂದೀಲ್ ಎಂದರೆ ಮೂರು ಕಂದೀಲು. ಅಲ್ಲಿ ಅವ್ವ ನಿಂತುಬಿಟ್ಟಳು. ಮೂವತ್ತೈದು ವರ್ಷ ಅಲ್ಲೇ ಸಂತೆ ಸಾಮಾನು ಕೊಂಡವಳು. ಮುಚ್ಚಿದ ಷಟರ್‌ಗಳನ್ನು ಒಂದೊಂದಾಗಿ ನೋಡಿದಳು. ‘ಈ ರಸ್ತೆ ಇಷ್ಟು ಅಗಲ ಇದೆಯೇನೇ?’ ಎಂದಳು. ಜನ, ತಳ್ಳುಬಂಡಿ, ಆಟೊಗಳ ನಡುವೆಯಲ್ಲದೆ ಅವಳು ಅದನ್ನು ಎಂದೂ ಕಂಡಿರಲಿಲ್ಲ.

ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾರುವ ಹೆಂಗಸೊಬ್ಬರು ಬಾಣಲೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ನಮ್ಮನ್ನು ಕಂಡು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಸ್ವಲ್ಪ ದೂರ ಜೊತೆಗೆ ಬಂದರು. ‘ಒಲೆ ಉರಿಯುವಷ್ಟು ಹೊತ್ತು ಯಾವನೂ ಹತ್ತಿರ ಬರುವುದಿಲ್ಲ ತಂಗಿ, ಎಣ್ಣೆ ಕುದಿಯುತ್ತಿರುತ್ತದಲ್ಲ. ಒಲೆ ಆರಿಸಿ ಬಂಡಿ ತಳ್ಳಿಕೊಂಡು ಹೋಗುವಾಗಲೇ ಭಯ’ ಎಂದರು. ಪಕ್ಕದ ಪಾನ್ ಅಂಗಡಿಯವರು ಬಾಗಿಲು ಹಾಕುವವರೆಗೆ ಕಾದು, ಅವರ ಹಿಂದೆಯೇ ಮನೆಗೆ ಹೋಗುತ್ತಾರಂತೆ. ಅವರು ಬೇಗ ಮುಚ್ಚಿದ ದಿನ ಇವರ ವ್ಯಾಪಾರವೂ ಅಲ್ಲಿಗೇ ಮುಗಿಯಿತು. ಸುರಕ್ಷತೆ ಇಲ್ಲದಿರುವುದು ದುಡಿಮೆಯ ಲೆಕ್ಕದಲ್ಲಿಯೂ ಬರುತ್ತದೆ ಎಂದು ನನಗೆ ತಿಳಿದದ್ದು ಅವರಿಂದ.

ನಿಧಾನವಾಗಿ ನಡೆದದ್ದರಿಂದ ಕಣ್ಣು ಮೇಲೆ ಹೋಯಿತು. ಎಷ್ಟೊಂದು ಬೀದಿದೀಪಗಳು ಸತ್ತಿದ್ದವು! ಒಬ್ಬ ಹುಡುಗಿ ಕಂಬದ ಮೇಲಿನ ಸಂಖ್ಯೆಗಳನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತ ಬಂದಳು. ಮರುವಾರ ಆ ಪಟ್ಟಿಯನ್ನು ಅರ್ಜಿಯಾಗಿಸಿ ಸಂಬಂಧಪಟ್ಟ ಕಚೇರಿಗೆ ಕೊಟ್ಟು, ನಕಲಿನ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡೆವು. ‘ನಮಗೆ ರಕ್ಷಣೆ ಬೇಕು’ ಎಂದರೆ ಆಗಲಿ ನೋಡೋಣ ಎನ್ನುತ್ತಾರೆ. ಕಂಬದ ಸಂಖ್ಯೆ ಬರೆದು ಕೊಟ್ಟರೆ ಹಾಗೆ ಜಾರಿಕೊಳ್ಳುವುದು ಕಷ್ಟ. ಕೆಲವು ದೀಪಗಳು ಹತ್ತಿದವು. ಬದಲಾದದ್ದು ಏನೆಂದು ಕೇಳಿದಿರಲ್ಲ, ಕಣ್ಣಿಗೆ ಕಾಣುವಂಥದ್ದು ಇದು.

ಸುಳ್ಳು ಹೇಳಬೇಡಿ ಎಂದದ್ದು ಏಕೆಂದು ಹೇಳುತ್ತೇನೆ. ಒಮ್ಮೆ ಇಬ್ಬರು ಬೈಕಿನಲ್ಲಿ ಸ್ಟೇಷನ್ ರಸ್ತೆಯಿಂದ ನಮ್ಮ ಓಣಿಯ ತಿರುವಿನವರೆಗೆ ನನ್ನ ಹಿಂದೆಯೇ ಬಂದರು. ತೆರೆದಿದ್ದ ಔಷಧಿ ಅಂಗಡಿಗೆ ಹೊಕ್ಕು, ಬೇಡದ ಗುಳಿಗೆ ಕೊಂಡು, ಅವರು ಹೋಗುವವರೆಗೆ ನಿಂತೆ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆಂದು ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಆ ಬೈಕಿನವರು ಮಾಡಿದ ತಪ್ಪನ್ನು ನನ್ನ ಗುಟ್ಟಾಗಿ ಹೊತ್ತುಕೊಂಡಿದ್ದೆ. ಮೆರವಣಿಗೆಯಿಂದ ಮರಳುವಾಗ ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆದರೆ ಕೆಲಸ ಬಿಡು ಎನ್ನಲಿಲ್ಲ. ನೀವು ಸುಳ್ಳು ಹೇಳಿ ಹೋದ ದಿನ ಏನಾದರೂ ಆದರೆ, ಮನೆಯಲ್ಲಿ ವಿಚಾರಣೆಯಾಗುವುದು ನಿಮ್ಮ ಸುಳ್ಳಿನದೇ. ತಾಯಿಯನ್ನೋ ಅತ್ತಿಗೆಯನ್ನೋ ಕರೆದುಕೊಂಡು ಹೋಗಲು ನೋಡಿ.

ಪೊಲೀಸರು ಹಿಡಿದುಕೊಂಡು ಹೋದರೆ ಎಂದು ಮನೆಯವರು ಹೆದರಿದರೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಿಶೇಷ ಸಂದರ್ಭವಿಲ್ಲದೆ ಹೆಣ್ಣನ್ನು ಬಂಧಿಸುವಂತಿಲ್ಲ, ವಿಶೇಷ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು ಎಂದು ತಿಳಿಸಿ. ಸಂಘಟಕರು ಪೊಲೀಸ್ ಅನುಮತಿ ಪಡೆದಿದ್ದಾರೆಯೇ ಎಂದು ವಿಚಾರಿಸಿ. ತುರ್ತು ಸಹಾಯದ 112 ಸಂಖ್ಯೆ ನೆನಪಿರಲಿ.

ಇನ್ನು, ಒಬ್ಬಳೇ ಹೋಗುವುದರಲ್ಲಿ ಭಯಪಡಬೇಕಾದದ್ದು ಮೆರವಣಿಗೆಯಲ್ಲಿಲ್ಲ, ಮರಳುವ ದಾರಿಯಲ್ಲಿದೆ. ಹನ್ನೊಂದೂವರೆಗೆ ಎಲ್ಲರೂ ಚದುರಿದಾಗ ಒಬ್ಬೊಬ್ಬಳೂ ತನ್ನ ಕತ್ತಲೆ ಓಣಿಗೆ ಒಂಟಿಯಾಗಿ ತಿರುಗಬೇಕಾಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಸಂಘಟಕರನ್ನು ಕೇಳಿ: ಮುಗಿದ ಮೇಲೆ ಯಾರು ಯಾರ ಜೊತೆ ಹೋಗುತ್ತಾರೆ? ನಾವು ಓಣಿಗಳ ಪ್ರಕಾರ ಗುಂಪು ಮಾಡಿಕೊಂಡಿದ್ದೆವು. ಕೊನೆಯವಳು ಮನೆ ಸೇರಿದೆನೆಂದು ತಿಳಿಸುವವರೆಗೆ ಯಾರೂ ಮಲಗಲಿಲ್ಲ. ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ಮೆರವಣಿಗೆಗೆ ಹೋಗಬೇಡಿ ಎಂದೇ ಹೇಳುತ್ತೇನೆ.

ನಮ್ಮ ಓಣಿಯ ತಿರುವಿನ ಎರಡು ದೀಪ ಇನ್ನೂ ಹತ್ತಿಲ್ಲ. ಮೂರನೆಯ ಅರ್ಜಿ ಬರೆದಿಟ್ಟಿದ್ದೇನೆ. ನೀವು ಬರುವುದಾದರೆ ನಿಮ್ಮ ಓಣಿಯ ಕಂಬಗಳ ಸಂಖ್ಯೆಯನ್ನೂ ಬರೆದುಕೊಂಡು ಬನ್ನಿ.