ರೇಸ್ ಕುದುರೆ ಬರೆದವನಿಗೆ ಎರಡು ಪುಟ ಯಾಕೆ?

ಕಳೆದ ಸಂಚಿಕೆಯಲ್ಲಿ ಬಂದ ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್ ಲೇಖನದ ಬಗ್ಗೆ ಡೊಂಬಿವಲಿಯ ಓದುಗರೊಬ್ಬರ ಪತ್ರ: “ನನ್ನ ತಂದೆ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿದ್ದರು. ಕುದುರೆ ಗೆದ್ದರೆ ಫೋಟೋಕ್ಕೆ ನಿಲ್ಲುತ್ತಿದ್ದವರು ಮಾಲೀಕರು. ಶ್ರೀಮಂತರ ಕುದುರೆ, ಬೇಟೆ ಬರೆದು ಹೊಟ್ಟೆ ಹೊರೆದವನಿಗೆ ಮುಂಬಯಿ ಕನ್ನಡಿಗರ ಪತ್ರಿಕೆಯಲ್ಲಿ ಎರಡು ಪುಟ ಯಾಕೆ? ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು ಇರಲಿಲ್ಲವೇ?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ತಂದೆಯವರ ವಿಷಯ ಬರೆದಿದ್ದು ಒಳ್ಳೆಯದಾಯಿತು. ಸ್ಟಬ್ಸ್ ಪರವಾಗಿ ನನಗಿರುವ ದೊಡ್ಡ ಸಾಕ್ಷಿಯೇ ಸೈಸ್‌ಗಳು!

1799ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಹ್ಯಾಂಬಲ್ಟೋನಿಯನ್ ಎಂಬ ಕುದುರೆ 3,000 ಗಿನಿ (ಆಗಿನ ಚಿನ್ನದ ನಾಣ್ಯ) ಪಂದ್ಯ ಗೆದ್ದಿತು. ಚಾಟಿ ಏಟು ತಿಂದು ಸುಸ್ತಾಗಿ ಹೋಗಿತ್ತು. ಮಾಲೀಕ ಚಿತ್ರ ಬರೆಯಲು ಹೇಳಿದ. ಎಪ್ಪತ್ತೈದರ ಆಸುಪಾಸಿನ ಸ್ಟಬ್ಸ್ ಬರೆದಿದ್ದು ಏನನ್ನು? ಓಟ ಮುಗಿದ ಮೇಲೆ ಮೈ ಒರೆಸಿಕೊಳ್ಳುತ್ತಿರುವ, ಬಳಲಿದ ಕುದುರೆಯನ್ನು. ಪಕ್ಕದಲ್ಲಿ ಒಬ್ಬ ಸೈಸ್, ಲಾಯದ ಒಬ್ಬ ಹುಡುಗ. ಇಬ್ಬರೂ ನಮ್ಮನ್ನೇ ನೇರವಾಗಿ ನೋಡುತ್ತಾರೆ. ಮಾಲೀಕ ಚಿತ್ರದಲ್ಲೇ ಇಲ್ಲ. ಆಮೇಲೆ ಆತ ದುಡ್ಡು ಕೊಡಲು ತಕರಾರು ಮಾಡಿದ. ಮುದುಕ ಕೋರ್ಟಿಗೆ ಹೋಗಿ ಗೆದ್ದ.

ಇವನು ಹುಟ್ಟು ಶ್ರೀಮಂತನೂ ಅಲ್ಲ. 1724ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ. ಅಪ್ಪನದು ಚರ್ಮ ಹದ ಮಾಡುವ ಕಸುಬು, ಮಗನೂ ಹುಡುಗನಾಗಿದ್ದಾಗ ಅದೇ ಕೆಲಸಕ್ಕೆ ಕೈ ಹಾಕಿದ್ದ. ಚಿತ್ರಕಲೆ ಹೆಚ್ಚಾಗಿ ಸ್ವಂತ ಕಲಿಕೆ. 1756ರಿಂದ ಸುಮಾರು 18 ತಿಂಗಳು ಹಾರ್ಕ್ಸ್‌ಟೋ ಎಂಬ ಹಳ್ಳಿಯಲ್ಲಿ ಸತ್ತ ಕುದುರೆಗಳನ್ನು ಕೊಕ್ಕೆಗೆ ತೂಗುಹಾಕಿ, ಚರ್ಮ ಸುಲಿದು, ಒಂದೊಂದೇ ಪದರ ಬಿಡಿಸಿ ಬರೆದುಕೊಂಡ. ಒಂದು ಕುದುರೆಯಂತೂ ಹನ್ನೊಂದು ವಾರ ಹಾಗೇ ಇತ್ತಂತೆ. ಆ ವಾಸನೆಯಲ್ಲಿ ಕೂತು ಊಟ ಹೇಗೆ ಮಾಡಿದನೋ! ಆ ಚಿತ್ರಗಳನ್ನು ಅಚ್ಚು ಹಾಕಲು ಬೇಕಾದ ತಾಮ್ರದ ಹಲಗೆಗಳನ್ನು ಕೊರೆಯಲು ಕಸುಬುದಾರರು ಒಪ್ಪಲಿಲ್ಲ. ತಾನೇ ಕೊರೆದು 1766ರಲ್ಲಿ ಕುದುರೆಯ ಅಂಗರಚನೆಯ ಪುಸ್ತಕ ಹೊರತಂದ. ದೊರೆಗಳು ಅವನ ಮನೆ ಬಾಗಿಲಿಗೆ ಬಂದಿದ್ದು ಈ ವಿದ್ಯೆಗಾಗಿ, ಹೊಗಳಿಕೆಗಲ್ಲ.

ನಮ್ಮ ಕಡೆಯ ಪ್ರಾಣಿಗಳನ್ನೂ ಬರೆದಿದ್ದಾನೆ. ಕ್ಲೈವ್ ಉಡುಗೊರೆ ಕೊಟ್ಟ ಹುಲಿ, ವಿಲಿಯಂ ಹಂಟರ್ ಎಂಬ ವೈದ್ಯರಿಗಾಗಿ ನೀಲಗಾಯ್. ಎಲ್ಲಕ್ಕಿಂತ ನನಗಿಷ್ಟ ಚೀತಾ ಚಿತ್ರ. ಮದ್ರಾಸಿನ ಗವರ್ನರ್ ಆಗಿದ್ದ ಪಿಗಟ್ ಒಂದು ಚೀತಾವನ್ನು ಮೂರನೇ ಜಾರ್ಜ್ ದೊರೆಗೆ ಕೊಟ್ಟಿದ್ದ. 1764ರಲ್ಲಿ ವಿಂಡ್ಸರ್‌ನಲ್ಲಿ ಅದನ್ನು ಸಾರಂಗದ ಮೇಲೆ ಬಿಟ್ಟರು. ಸಾರಂಗವೇ ತಿರುಗಿಬಿದ್ದು ಚೀತಾವನ್ನು ಹಿಮ್ಮೆಟ್ಟಿಸಿತು! ಸ್ಟಬ್ಸ್ ಬರೆದಿದ್ದು ಅದಕ್ಕೆ ಮುಂಚಿನ ಗಳಿಗೆ. ಚೀತಾ ಹಿಡಿದವರು ಇಬ್ಬರು ಭಾರತೀಯರು, ಒಬ್ಬ ಬೇಟೆಯತ್ತ ಕೈ ತೋರಿಸುತ್ತಿದ್ದಾನೆ. ಆ ಕಾಲದ ಎಷ್ಟೋ ಇಂಗ್ಲಿಷ್ ಚಿತ್ರಗಳಲ್ಲಿ ನಮ್ಮವರೆಂದರೆ ಸುಮ್ನೆ ಒಂದು ಪೇಟ, ಒಂದು ಕಪ್ಪು ಮುಖ. ಇಲ್ಲಿ ಇಬ್ಬರಿಗೂ ಬೇರೆಬೇರೆ ಮುಖವಿದೆ, ತಮ್ಮ ಕೆಲಸ ಬಲ್ಲವರ ಗತ್ತಿದೆ. ಚಿತ್ರ ಈಗ ಮ್ಯಾಂಚೆಸ್ಟರಿನಲ್ಲಿದೆ.

ಹಾಗಂತ ಅವನನ್ನು ಬಡವರ ಬಂಧು ಮಾಡುವುದು ಬೇಡ. ಅವನ ಚಿತ್ರಗಳಲ್ಲಿ ಹೊಲದ ಕೂಲಿಯವರ ಬಟ್ಟೆ ಜಾಸ್ತಿಯೇ ಶುಭ್ರ, ಅಲ್ಲಿ ನನಗೂ ಅನುಮಾನವಿದೆ. ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿ ಜೊತೆಗೂ ಅವನಿಗೆ ಸರಿಹೋಗಲಿಲ್ಲ. ಕುದುರೆ ಬರೆಯುವವನು ಎಂಬ ಹಣೆಪಟ್ಟಿ ಕಡೆವರೆಗೂ ಬಿಡಲಿಲ್ಲ. 1806ರಲ್ಲಿ ತೀರಿಕೊಂಡ. ಅವನ ವಿಸಲ್‌ಜಾಕೆಟ್ ಕುದುರೆಯ ಚಿತ್ರಕ್ಕೆ ಲಂಡನ್ನಿನ ನ್ಯಾಷನಲ್ ಗ್ಯಾಲರಿ 1997ರಲ್ಲಿ ಕೊಟ್ಟಿದ್ದು 1.1 ಕೋಟಿ ಪೌಂಡ್.

ಇನ್ನು ಹೆಬ್ಬಾರರು. ಉಡುಪಿ ಪಕ್ಕದ ಕಟ್ಟಿಂಗೇರಿಯಿಂದ ಬಂದು, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಕಲಿಸಿ, ಇದೇ ಊರಿನವರಾದವರನ್ನು ನಾವು ಬಿಡುತ್ತೇವೆಯೇ? ಖಂಡಿತ ಬರೆಯೋಣ. ಅದಕ್ಕಾಗಿ ಸ್ಟಬ್ಸ್‌ನ ಪುಟ ಕಿತ್ತುಕೊಳ್ಳಬೇಕಾಗಿಲ್ಲ, ಅಲ್ವಾ? ನಿಮ್ಮ ತಂದೆಯವರ ಲಾಯದ ದಿನಗಳನ್ನೂ ಬರೆದು ಕಳಿಸಿ, ಅದಕ್ಕೂ ಎರಡು ಪುಟ ಕೊಡುತ್ತೇನೆ.