ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿರುವ ತಂಗಿಗೆ: ಟಾಕಿಂಗ್ ಥೆರಪಿಗೆ ಹೋಗು

ಅಕ್ಕ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ದಿನಸಿ, ಮಗಳ ಸ್ಕೂಲು, ಚಳಿಯ ಕೋಟು ಎಲ್ಲಾ ಕೇಳಿ, ಕೊನೆಗೆ ಬರೆದಿದ್ದೀಯ: ‘ಎದೆ ಹಿಡಿದ ಹಾಗಾಗುತ್ತೆ, ನಿದ್ದೆ ಇಲ್ಲ. ಇಸಿಜಿ ಸರಿಯಾಗಿದೆ. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಟಾಕಿಂಗ್ ಥೆರಪಿಗೆ, ಅಂದರೆ ಮಾತಿನ ಮೂಲಕ ಮಾಡುವ ಮನಸ್ಸಿನ ಚಿಕಿತ್ಸೆಗೆ, ಹೋಗು ಅಂದರು. ಗುರುತಿಲ್ಲದವರ ಹತ್ತಿರ ಮಾತಾಡಿದರೆ ಏನು ಬಂತು ಅಂತಾರೆ ಇವರು.’

ಬೇಳೆ, ರಾಗಿ ಹಿಟ್ಟು ಬೆಲ್‌ಗ್ರೇವ್ ರೋಡಿನಲ್ಲಿ ಸಿಗುತ್ತದೆ. ಸ್ಕೂಲಿಗೆ ಸಿಟಿ ಕೌನ್ಸಿಲ್‌ಗೆ ಅರ್ಜಿ ಹಾಕು. ಕೋಟು ಮಳೆ ತಡೆಯುವಂಥದ್ದೇ ಇರಲಿ. ಇವನ್ನೆಲ್ಲ ನೀನೇ ಸರಿ ಮಾಡಿಕೊಳ್ಳುತ್ತೀಯ. ನನಗೆ ಚಿಂತೆಯಾಗಿದ್ದು ಆ ಕೊನೆಯ ಮಾತಿನ ಬಗ್ಗೆ.

ನಾನು ಮಂಡ್ಯ ಕಡೆಯವಳು. 2016ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದೆ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮರುವರ್ಷ ಅಪ್ಪ ತೀರಿಕೊಂಡರು. ಆಗ ನಮ್ಮ ವೀಸಾ ಮುಂದುವರಿಸುವ ಅರ್ಜಿ ಇನ್ನೂ ತೀರ್ಮಾನ ಆಗಿರಲಿಲ್ಲ. ಆ ಹೊತ್ತಿನಲ್ಲಿ ದೇಶ ಬಿಟ್ಟರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ಹೋಗಲು ಆಗಲಿಲ್ಲ. ಹಾಲುತುಪ್ಪವನ್ನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಒಬ್ಬಳೇ ಮಗಳು ನಾನು. ಅದು ಎಂಥದ್ದು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಊರಿನ ಫೋನ್ ಬಂದರೆ ಎದೆ ಡವಡವ. ಕೈ ತಣ್ಣಗೆ. ಫೋನ್ ತೆಗೆಯದೆ ಮೆಸೇಜ್ ಕಳಿಸಿಬಿಡುತ್ತಿದ್ದೆ. ರಕ್ತ ಪರೀಕ್ಷೆ, ಇಸಿಜಿ ಎರಡೂ ಸರಿ. ಜಿಪಿ ನನಗೂ ಇದನ್ನೇ ಹೇಳಿದರು. ಆಗ ಈ ಸೇವೆಗೆ ಐಎಪಿಟಿ ಅಂತ ಹೆಸರಿತ್ತು. ಇಂಗ್ಲೆಂಡಿನಲ್ಲಿ 2008ರಲ್ಲಿ ಶುರುವಾದದ್ದು. 2023ರಿಂದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅನ್ನುತ್ತಾರೆ. ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ.

ಥೆರಪಿಸ್ಟ್ ಉಪದೇಶ ಮಾಡಲಿಲ್ಲ. ಫೋನ್ ಬಂದ ಆ ಕ್ಷಣ ತಲೆಯಲ್ಲಿ ಬಂದ ಯೋಚನೆ ಏನು, ಮೈಯಲ್ಲಿ ಏನಾಯಿತು, ನಾನು ಏನು ಮಾಡಿದೆ, ಇಷ್ಟನ್ನು ಬರೆದು ತಾ ಅಂದರು. ಬರೆದ ಮೇಲೆ ಗೊತ್ತಾಯಿತು. ಪ್ರತಿ ಸಲ ಬರುತ್ತಿದ್ದ ಯೋಚನೆ ಒಂದೇ: ‘ನಾನು ಅಲ್ಲಿ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದರು.’ ಆ ಯೋಚನೆಗೆ ಎದೆ ಹಿಡಿಯುತ್ತಿತ್ತು. ಎದೆ ಹಿಡಿದರೆ ಫೋನ್ ತೆಗೆಯುತ್ತಿರಲಿಲ್ಲ. ತೆಗೆಯದಿದ್ದರೆ ಆ ಹೊತ್ತಿಗೆ ಹಾಯಾಗುತ್ತಿತ್ತು, ಮುಂದಿನ ಸಲಕ್ಕೆ ಭಯ ಇನ್ನೂ ಜಾಸ್ತಿ. ಈ ಸುತ್ತನ್ನು ಬಿಡಿಸುವುದೇ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಎಂಬ ವೈದ್ಯರು ರೂಪಿಸಿದ ಚಿಕಿತ್ಸೆ ಅದು.

ಅಪ್ಪನಿಗೆ ಆಗಿದ್ದೇನು, ಡಾಕ್ಟರು ಹೇಳಿದ್ದೇನು, ಅಣ್ಣ ಎಷ್ಟು ಬೇಗ ಆಸ್ಪತ್ರೆಗೆ ಕರೆದೊಯ್ದ, ಎಲ್ಲಾ ಒಂದೊಂದಾಗಿ ಕೇಳಿದರು. ನಾನು ಇದ್ದಿದ್ದರೂ ಬೇರೇನೂ ಆಗುತ್ತಿರಲಿಲ್ಲ ಅನ್ನುವುದು ನನ್ನ ಬಾಯಿಂದಲೇ ಬಂತು. ಆಮೇಲೆ ದಿನಾ ಅಮ್ಮನಿಗೆ ನಾನೇ ಫೋನ್ ಮಾಡಬೇಕು ಅಂದರು. ಮೊದಲು ಎರಡು ನಿಮಿಷ ಸಾಕು.

ಹಾಲುತುಪ್ಪಕ್ಕೆ ಇರಲೇಬೇಕಿತ್ತು ಅನ್ನೋದು ಅವರಿಗೆ ತಾನಾಗಿ ಅರ್ಥವಾಗಲಿಲ್ಲ. ವಿವರಿಸಿದೆ. ಶ್ರದ್ಧೆಯಿಂದ ಕೇಳಿ, ಅಪ್ಪನಿಗೆ ಒಂದು ಕಾಗದ ಬರಿ, ಕನ್ನಡದಲ್ಲೇ ಬರಿ ಅಂದರು. ಅವರೆದುರೇ ಓದಿದೆ. ಅವರಿಗೆ ಒಂದು ಅಕ್ಷರವೂ ತಿಳಿಯದು. ಅಪ್ಪ ಹೋದ ಮೇಲೆ ನಾನು ಬಿಕ್ಕಿ ಅತ್ತದ್ದು ಅವತ್ತೇ.

ಹೋಗಲಾಗಲಿಲ್ಲ ಅನ್ನುವ ನೋವು ಈಗಲೂ ಇದೆ. ಅದು ಸಾಯುವವರೆಗೂ ಇರುತ್ತದೆ, ಇರಲಿ. ನಾನೇ ಕಾರಣ ಅನ್ನುವ ತಪ್ಪಿತಸ್ಥ ಭಾವ ಮಾತ್ರ ಹೋಯಿತು. ನಿದ್ದೆ ಬಂತು. ಅಮ್ಮನ ಜೊತೆ ಅಪ್ಪನ ಮಾತಾಡಲು ಬಾಯಿ ಬಂತು. ನಿನ್ನ ಎದೆ ಹಿಡಿತದ ಹಿಂದೆ ಏನಿದೆಯೋ ನನಗೆ ಗೊತ್ತಿಲ್ಲ. ಆದರೆ ಏನೋ ಇದೆ ಅಲ್ವಾ? ಸುಮ್ನೆ ಬಂದದ್ದಲ್ಲ ಅದು.

ಇನ್ನು ಹೇಗೆ ಅನ್ನುವುದು. ಜಿಪಿ ಚೀಟಿಯೇ ಬೇಕಿಲ್ಲ, ನೀನೇ ನೇರವಾಗಿ ಹೆಸರು ಕೊಡಬಹುದು. ದುಡ್ಡು ಕೊಡಬೇಕಿಲ್ಲ. ವೀಸಾ ಜೊತೆ ಕಟ್ಟಿದ ಹೆಲ್ತ್ ಸರ್‌ಚಾರ್ಜ್‌ನಲ್ಲೇ ಇದೂ ಸೇರಿದೆ. ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮೊದಲೇ ಹೇಳು. ಯಜಮಾನರನ್ನು ಅನುವಾದಕ್ಕೆ ಕೂರಿಸಿಕೊಳ್ಳಬೇಡ. ಅವರ ಎದುರು ನೀನು ಅರ್ಧ ನುಂಗುತ್ತೀಯ. ನೀನು ಹೇಳಿದ್ದು ಅವರಿಗೋ ಆಫೀಸಿಗೋ ಹೋಗುವುದಿಲ್ಲ. ನಿನಗೋ ಮಗುವಿಗೋ ಬೇರೆ ಯಾರಿಗೋ ಗಂಭೀರ ಅಪಾಯ ಅನ್ನಿಸಿದರೆ ಬೇರೆಯವರಿಗೆ ತಿಳಿಸಬಹುದು.

ಪಿಎಚ್‌ಕ್ಯೂ-9 ಅಂತ ಒಂದು ಫಾರಂ ಕೊಡುತ್ತಾರೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ. ನಾವು ಮನೆಯ ಮರ್ಯಾದೆ ಅಂತ ಎಲ್ಲದಕ್ಕೂ ‘ಇಲ್ಲ’ ಅಂತ ಗುರುತು ಹಾಕುವ ಜನ. ಹಾಗೆ ಮಾಡಬೇಡ. ಅದರಲ್ಲೂ ಒಂಬತ್ತನೆಯದು, ಬದುಕೇ ಬೇಡ ಅನ್ನಿಸಿತ್ತಾ ಅನ್ನುವುದು. ಅನ್ನಿಸಿದ್ದರೆ ಹೌದು ಅನ್ನು. ಅದಕ್ಕೆ ಯಾರೂ ಬೈಯುವುದಿಲ್ಲ.

ಸರದಿ ಬರಲು ವಾರಗಳು ಹಿಡಿಯಬಹುದು. ನಡುವೆ ತೀರಾ ಕಷ್ಟವಾದರೆ ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ, ಮನಸ್ಸಿನ ತೊಂದರೆ ಅಂತ 2 ಒತ್ತು. ಸಮಾರಿಟನ್ಸ್ ಅನ್ನುವ ಸಹಾಯವಾಣಿ 116 123, ಹಗಲು ರಾತ್ರಿ ಇರುತ್ತಾರೆ. ಜೀವಕ್ಕೇ ಅಪಾಯ ಅನ್ನಿಸಿದರೆ 999. ಯಜಮಾನರಿಗೆ ಈ ಪತ್ರ ಓದಿಸು. ಅವರಿಗೆ ಇನ್ನೂ ಅನುಮಾನ ಇದ್ದರೆ ನನ್ನ ಜೊತೆ ಮಾತಾಡಲಿ. ಆದರೆ ಅವರು ಒಪ್ಪುವವರೆಗೂ ಕಾಯಬೇಡ, ಸೋಮವಾರವೇ ಹೆಸರು ಕೊಡು.